ಗಡಿಕಂಬಕ್ಕೆ ಬರೆ ಹಾಕಿದ ದೀರಿಯೆ

ಹರ್ಗೇಸಾ ಪೇಟೆಯಿಂದ ದಕ್ಷಿಣಕ್ಕೆ ಹೊರಟು ಹಾವ್ದ್ ಬಯಲು ಮುಗಿಯುವ ತನಕ ದೀರಿಯೆ ಶಿರ್ದೋನನ ಹೆಸರು ಗೊತ್ತಿಲ್ಲದ ಬಾವಿಕಟ್ಟೆ ಒಂದೂ ಇರಲಿಲ್ಲ. ಅವನೇನು ಶೂರನಲ್ಲ. ಕವಿಯೂ ಅಲ್ಲ. ಸೊಮಾಲಿಗಳಲ್ಲಿ ಇವೆರಡೂ ಅಲ್ಲದ ಗಂಡಸು ಸಿಗುವುದು ಎಷ್ಟು ಅಪರೂಪವೆಂದರೆ, ಬರೀ ಅಷ್ಟಕ್ಕೇ ಅವನಿಗೆ ಹೆಸರು ಬರಬಹುದಿತ್ತು. ಆದರೆ ಬಂದದ್ದು ಬೇರೆ ಕಾರಣಕ್ಕೆ. ಒಂಟೆಯ ಕತ್ತಿನ ಮೇಲಿನ ಬರೆ ನೋಡಿ ಅದು ಯಾವ ಕುಲದ್ದು, ಯಾವ ಮನೆಯದ್ದು ಎಂದು ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬರೆ ಹಳತಾಗಿ, ಅದರ ಮೇಲೆ ಕೂದಲು ಬೆಳೆದು, ಕೂದಲಿನ ಮೇಲೆ ಕಜ್ಜಿ ಹಬ್ಬಿ, ಕಜ್ಜಿಯ ಮೇಲೆ ಯಾರೋ ಡಾಂಬರು ಬಳಿದಿದ್ದರೂ ಸರಿಯೇ, ದೀರಿಯೆ ಕಣ್ಣು ಮುಚ್ಚಿ ಎರಡು ಬೆರಳಲ್ಲಿ ಸವರಿ ಒಡೆಯನ ಹೆಸರು ಹೇಳುತ್ತಿದ್ದ. ಒಂಟೆಯ ಹಾಲು ಕುಡಿಸಿದರೆ ಸಾಕು, ಅದರ ಅಜ್ಜಿಗೆ ಯಾವ ಬರೆ ಇತ್ತೆಂದು ಹೇಳುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಶುದ್ಧ ಸುಳ್ಳು. ಅಜ್ಜಿಯದ್ದು ಅವನಿಗೆ ತಿಳಿಯುತ್ತಿರಲಿಲ್ಲ, ತಾಯಿಯದ್ದು ಮಾತ್ರ.

ಆ ಬಯಲಲ್ಲಿ ಬರೆಯೆಂದರೆ ಬೇರೆ ಸಾಕ್ಷಿ ಬೇಡ. ಕಳೆದುಹೋದ ಒಂಟೆ ಏಳು ವರ್ಷ ಬಿಟ್ಟು, ಮೂರು ಜಗಳ ದಾಟಿ, ಆಗದವರ ಹಿಂಡಿನಲ್ಲಿ ನಾಲ್ಕು ಮರಿ ಹಾಕಿದ ಮೇಲೆ ಸಿಕ್ಕರೂ, ಕತ್ತಿನ ಮೇಲೆ ನಿನ್ನ ಕುಲದ ಬರೆ ಇದ್ದರೆ ಅದು ನಿನ್ನದು. ಇಟ್ಟುಕೊಂಡವನು ಹಲ್ಲು ಕಡಿಯುತ್ತಾನೆ, ಶಾಪ ಹಾಕುತ್ತಾನೆ, ಕೊನೆಗೆ ಹಗ್ಗ ನಿನ್ನ ಕೈಗೇ ಕೊಡುತ್ತಾನೆ. ಇಂಥ ಜಗಳ ಎದ್ದಲ್ಲೆಲ್ಲ ದೀರಿಯೆಗೆ ಕರೆ ಬರುತ್ತಿತ್ತು. ಅವನು ಬಂದು ಮುಟ್ಟಿ ಹೇಳಿದನೆಂದರೆ ಮುಗಿಯಿತು. ಜನ ಆಮೇಲೆ ಹವಾಮಾನದ ಮಾತಾಡುತ್ತಿದ್ದರು.

ಅವನಿಗೆ ಇನ್ನೊಂದು ಹೆಸರೂ ಇತ್ತು, ಸಿಮೆಂಟು ದೀರಿಯೆ ಎಂದು. ಅದು ಅಂಟಿಕೊಂಡದ್ದು ಇಂಗ್ಲಿಷರ ಸರ್ವೆ ತಂಡ ಗಡಿಕಂಬ ನೆಡಲು ಬಂದ ವರ್ಷ. ಇಂಗ್ಲಿಷರ ಕೈಲಿದ್ದ ಸೊಮಾಲಿ ನಾಡಿಗೂ ಇಥಿಯೋಪಿಯಕ್ಕೂ ನಡುವೆ ಗೆರೆ ಎಳೆಯಬೇಕಿತ್ತು. ಗೆರೆ ಕಾಗದದ ಮೇಲೆ ಆಗಲೇ ಇತ್ತಂತೆ; ನೆಲದ ಮೇಲೆ ಮಾತ್ರ ಬಾಕಿ. ಕಂಬಕ್ಕೆ ಸಿಮೆಂಟು ಬೇಕು, ಸಿಮೆಂಟಿಗೆ ನೀರು ಬೇಕು, ನೀರು ಎರಡು ದಿನದ ದಾರಿಯಲ್ಲಿ. ದೀರಿಯೆಯ ಹನ್ನೊಂದು ಹೇರೊಂಟೆಗಳು ಒಂಬತ್ತು ತಿಂಗಳು ಆ ಕೆಲಸ ಮಾಡಿದವು. ಒಂದೊಂದು ಕಂಬ ಕುಡಿದ ನೀರಿನಲ್ಲಿ ಒಂದು ಮದುವೆ ಮಾಡಿ, ಬೀಗರನ್ನು ಮೀಯಿಸಿ ಕಳಿಸಬಹುದಿತ್ತು.

ಅವನ ಹೆಂಡತಿ ಅಂಬರೋಗೆ ಇದು ನೋಡಲಾಗುತ್ತಿರಲಿಲ್ಲ.

"ಕಲ್ಲಿಗೆ ಇಷ್ಟು ನೀರು ಕುಡಿಸ್ತಾರಲ್ಲ, ಅದೇನು ಮರಿ ಹಾಕುತ್ತಾ?" ಎಂದು ಕೇಳಿದಳು.

"ಸರ್ಕಾರದ ಕಲ್ಲು ಕಣೆ. ನಿನಗದು ತಿಳಿಯಲ್ಲ."

"ನನಗೆ ತಿಳಿಯದಿದ್ರೆ ಹೋಗ್ಲಿ. ನಿನಗೆ ತಿಳೀತಾ?"

ದೀರಿಯೆ ಒಂಟೆಯ ಹೊಟ್ಟೆಪಟ್ಟಿ ಬಿಗಿಯುವ ನೆಪ ಮಾಡಿ ಎದ್ದು ಹೋದ.

ಸರ್ವೆ ಸಾಹೇಬನಿಗೆ ಜನ ಇಟ್ಟ ಹೆಸರು ಸುಲಿಮೂಗ. ಆ ಬಿಸಿಲಿಗೆ ಅವನ ಮೂಗು ಬೆಳಿಗ್ಗೆ ಸುಲಿದು ಸಂಜೆಗೆ ಹೊಸದು ಬರುತ್ತಿತ್ತು. ಒಂಬತ್ತು ತಿಂಗಳಲ್ಲಿ ಅವನು ಸವೆಸಿದ ಮೂಗುಗಳಿಂದ ಒಂದು ಇಡೀ ಪಲ್ಟನ್ನಿಗೆ ಮುಖ ಕೊಡಬಹುದಿತ್ತು. ಆದರೆ ಮನುಷ್ಯ ಕೆಟ್ಟವನಲ್ಲ. ಹೊಗೆ ಹಾಕಿದ ಪಾತ್ರೆಯ ಒಂಟೆಹಾಲನ್ನು ಮುಖ ಕಿವುಚದೆ ಕುಡಿದ ಮೊದಲನೇ ಬಿಳಿಯನೆಂದು ದೀರಿಯೆಗೆ ಅವನ ಮೇಲೆ ಪ್ರೀತಿ ಹುಟ್ಟಿತು. ದೀರಿಯೆಯ ಟೀ ಇಲ್ಲದೆ ಸುಲಿಮೂಗನಿಗೆ ದೂರದರ್ಶಕದಲ್ಲಿ ಕಣ್ಣೇ ಇಡಲಾಗುತ್ತಿರಲಿಲ್ಲ. ಇಬ್ಬರ ನಡುವೆ ಮಾತು ದಾಟಿಸುತ್ತಿದ್ದವನು ಬೆರ್ಬೆರಾದ ಕಾರ್ಶೆ ಎಂಬ ದುಭಾಷಿ. ಆಗಿನ್ನೂ ಮೀಸೆ ಮೂಡುತ್ತಿದ್ದ ವಯಸ್ಸು ಅವನದು.

ಏಳನೇ ಕಂಬದ ಹತ್ತಿರ ದೀರಿಯೆ ಕೇಳಿಯೇಬಿಟ್ಟ. "ಕಾರ್ಶೆ, ಕೇಳು ಇವನನ್ನ. ಈ ಕಂಬದ ಆಚೆ ಯಾರದ್ದು?"

ಕಾರ್ಶೆ ಕೇಳಿ ಹೇಳಿದ. "ಆಚೆ ಇಥಿಯೋಪಿಯದ ದೊರೇದಂತೆ. ಈಚೆ ಇವರ ದೊರೇದು."

"ಹುಲ್ಲು?"

"ಹುಲ್ಲು, ನೀರು ನಿಮ್ದೇ ಅಂತೆ ಚಿಕ್ಕಪ್ಪ. ಒಂಟೆಗಳು ಇಷ್ಟು ದಿನ ಹೇಗೆ ಹೋಗ್ತಿದ್ವೋ ಹಾಗೇ ಹೋಗ್ಲಿ ಅಂತಾರೆ."

"ಹುಲ್ಲು ನಮ್ದು, ನೀರು ನಮ್ದು. ಹಾಗಾದ್ರೆ ಆ ಇಬ್ಬರು ದೊರೆಗಳಿಗೆ ಸಿಕ್ಕಿದ್ದೇನು?"

ಸುಲಿಮೂಗ ಸ್ವಲ್ಪ ಹೊತ್ತು ಯೋಚಿಸಿ, "ಕಂಬ" ಎಂದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಮುಗಿದ ಮೇಲೆ ಸಾಹೇಬ ಹಸಿ ಸಿಮೆಂಟಿನ ಮೇಲೆ ಕಬ್ಬಿಣದ ಅಚ್ಚೊಂದನ್ನು ಒತ್ತಿದ. ಏನದು ಎಂದರೆ, ಸರ್ಕಾರದ ಮುದ್ರೆ, ಕಂಬದ ಸಂಖ್ಯೆ ಎಂದು ಉತ್ತರ ಬಂತು. ದೀರಿಯೆಯ ನಗು ಅಲ್ಲಿಗೇ ನಿಂತಿತು. ಅವನ ಅಪ್ಪ ಹೆಣ್ಣೊಂಟೆಗಳನ್ನು ಮೇಯಿಸಿದ ನೆಲ. ಅದರ ಮೈಮೇಲೆ ಬೇರೆಯವರ ಬರೆ. ಹಾಗೆ ಬಿಟ್ಟರೆ ನಾಳೆ ಯಾವ ಬಾವಿಕಟ್ಟೆಯಲ್ಲಿ ಯಾರು ಕೇಳುತ್ತಾರೆ? ಅವನು ನೇರ ತನ್ನ ಹೇರಿನ ಹತ್ತಿರ ಹೋಗಿ ಕುಲದ ಬರೆಕಬ್ಬಿಣ ತಂದ. ಅರ್ಧಚಂದ್ರ, ಅದರ ಹೊಟ್ಟೆಗೆ ಒಂದು ಗೀಟು. ಸರ್ಕಾರದ ಅಚ್ಚಿನ ಪಕ್ಕಕ್ಕೇ ತಣ್ಣಗಿನ ಕಬ್ಬಿಣವನ್ನು ಮೊಣಕೈ ಊರಿ ಒತ್ತಿದ.

ಸುಲಿಮೂಗ ಹುಬ್ಬೇರಿಸಿದ. ದೀರಿಯೆ ಕಾರ್ಶೆಯ ಕಡೆ ತಿರುಗಿ, "ಹೇಳಪ್ಪ ಇವನಿಗೆ. ಒಂದೇ ಕತ್ತಿಗೆ ಎರಡು ಬರೆ ಇದ್ರೆ ಅದು ಪಾಲಿನ ಒಂಟೆ. ಇದು ಪಾಲಿನ ನೆಲ. ನಾವೂ ಇದ್ದೀವಿ" ಎಂದ.

ಕಾರ್ಶೆ ಹೇಳಿದ; ಒಂದಕ್ಷರ ಬಿಡದೆ ಹೇಳಿದ. ಸಾಹೇಬ ನಕ್ಕು ದೀರಿಯೆಯ ಬೆನ್ನು ತಟ್ಟಿ, ಚರ್ಮದ ರಟ್ಟಿನ ಪುಸ್ತಕ ತೆಗೆದು ಏನೋ ಬರೆದ. ಬರೆದು, ಅದರ ಪಕ್ಕ ಅರ್ಧಚಂದ್ರ ಮತ್ತು ಗೀಟನ್ನು ಅಚ್ಚುಕಟ್ಟಾಗಿ ಚಿತ್ರಿಸಿ ತೋರಿಸಿದ. ದೀರಿಯೆ ಬೆರಳಿಟ್ಟು ಸವರಿ ನೋಡಿದ. ತನ್ನದೇ ಬರೆ. ಅಲ್ಲಿಂದ ಮುಂದಿನ ಒಂದು ಕಂಬವನ್ನೂ ಅವನು ಬಿಡಲಿಲ್ಲ. ಹಿಂದಿನ ಆರಕ್ಕೂ ವಾಪಸು ಹೋಗಿ ಉಳಿಯಿಂದ ಕೆತ್ತಿ ಬಂದ. ಒಟ್ಟು ನಲವತ್ತೊಂದು. ಹೋಗುವ ದಿನ ಸುಲಿಮೂಗ ಅವನನ್ನು ತಬ್ಬಿಕೊಂಡು ಸಿಮೆಂಟು ಬಳಿಯುವ ತನ್ನ ಕರಣೆಯನ್ನು ಕಾಣಿಕೆಯಾಗಿ ಕೊಟ್ಟ. ಅಂಬರೋ ಅದರಿಂದ ಇಪ್ಪತ್ತು ವರ್ಷ ಒಲೆಯ ಬೂದಿ ತೆಗೆದಳು.

ಆ ಇಪ್ಪತ್ತು ವರ್ಷವೂ ದೀರಿಯೆ ಈ ಕಥೆಯನ್ನು ಹೇಳಿದ. ಎಷ್ಟು ಸಲ ಹೇಳಿದನೆಂದರೆ ಕೊನೆಕೊನೆಗೆ ಅವನು ಬಾಯಿ ತೆರೆದ ಕೂಡಲೇ ಒಂಟೆಗಳೇ ಮಂಡಿಯೂರಿ ಕೂತುಬಿಡುತ್ತಿದ್ದವು, ಇದು ಬೇಗ ಮುಗಿಯುವುದಲ್ಲವೆಂದು. ನಮ್ಮ ಮುದ್ರೆ ಸರ್ಕಾರದ ಪುಸ್ತಕದಲ್ಲಿದೆ ಎನ್ನುವಾಗ ಅವನ ಎದೆ ಎರಡು ಬೆರಳು ಅಗಲವಾಗುತ್ತಿತ್ತು.

ಆಮೇಲೆ ಒಂದು ಚಳಿಗಾಲ ಸುದ್ದಿ ಬಂತು. ಲಂಡನ್ನಿನಲ್ಲಿ ಇಂಗ್ಲಿಷರೂ ಇಥಿಯೋಪಿಯದವರೂ ಮೇಜಿಗೆ ಕೂತು ಸಹಿ ಹಾಕಿದ್ದಾರೆ. ಹಾವ್ದ್ ಬಯಲು ಇಥಿಯೋಪಿಯಕ್ಕೆ ಸೇರಿದ್ದು, ಮಳೆಗೆ ಮುಂಚೆ ಕೈ ಬದಲಾಗುತ್ತದೆ ಎಂದು. ಎರಡನೇ ಮಹಾಯುದ್ಧದ ಕಾಲದಿಂದ ಕಂಬದ ಎರಡೂ ಕಡೆ ಇಂಗ್ಲಿಷರದ್ದೇ ಆಡಳಿತ ನಡೆದು, ಕಂಬಗಳಿಗೆ ಒಂಟೆಗಳ ಬೆನ್ನು ಉಜ್ಜಿಕೊಡುವುದರ ಹೊರತು ಬೇರೆ ಉದ್ಯೋಗ ಇರಲಿಲ್ಲ. ಈಗ ಕೇಳಿದರೆ, ಈ ನೆಲವನ್ನು ಬರೆದುಕೊಟ್ಟು ಐವತ್ತೇಳು ವರ್ಷವಾಗಿದೆಯಂತೆ. ದೀರಿಯೆ ಆಗ ತಾಯಿಯ ಹೊಟ್ಟೆಯಲ್ಲೂ ಇರಲಿಲ್ಲ. ಕೊಟ್ಟವರಿಗೆ ಗೊತ್ತಿತ್ತು, ತೆಗೆದುಕೊಂಡವರಿಗೆ ಗೊತ್ತಿತ್ತು. ಅದರ ಮೇಲೆ ಕೂತು ಹಾಲು ಕರೆಯುತ್ತಿದ್ದವರಿಗೆ ಮಾತ್ರ ಆಗ ಯಾರೂ ಹೇಳಿರಲಿಲ್ಲ.

ಮಳೆಗಾಲದ ನಾಲ್ಕು ತಿಂಗಳು ಹಾವ್ದ್ ಇಲ್ಲದಿದ್ದರೆ ಹಿಂಡು ಇಲ್ಲ. ಹಿಂಡು ಇಲ್ಲದಿದ್ದರೆ ದೀರಿಯೆಯಂಥವರು ಪೇಟೆಗೆ ಹೋಗಿ ಹೋಟೆಲಿನ ಲೋಟ ತೊಳೆಯಬೇಕು. ಇಷ್ಟು ಸರಳ. ಕುಲದ ಗಂಡಸರೆಲ್ಲ ದೊಡ್ಡ ಜಾಲಿಮರದ ಕೆಳಗೆ ಮೂರು ದಿನ ಪಂಚಾಯ್ತಿ ಕೂತರು. ಹಿರಿಯ ಹಿರ್ಸಿ ಕೊರಳಿನ ಚರ್ಮದ ಚೀಲ ಬಿಚ್ಚಿದ. ಅವನ ತಾತನಿಗೆ ಇಂಗ್ಲಿಷರು ಕೊಟ್ಟ ಕಾಗದ, ನಿಮ್ಮನ್ನು ಕಾಪಾಡುತ್ತೇವೆ ಎಂದು ಮಾತು ಕೊಟ್ಟದ್ದು, ತಾಯಿತದ ಹಾಗೆ ಅದರೊಳಗಿತ್ತು. ಮೂರು ತಲೆಮಾರಿನ ಬೆವರು ಕುಡಿದು ಅಕ್ಷರವೆಲ್ಲ ಒಂದೇ ಮೋಡವಾಗಿತ್ತು.

ಮೂರನೇ ದಿನ ದೀರಿಯೆ ಕೋಲು ಊರಿ ಎದ್ದ.

"ಆ ಕಾಗದ ಮಡಿಸಿಡು ಹಿರ್ಸಿಯಣ್ಣ. ನಲವತ್ತೊಂದು ಕಂಬಕ್ಕೆ ನಮ್ಮ ಬರೆ ಇದೆ. ಸರ್ಕಾರದ ಪುಸ್ತಕದಲ್ಲೇ ಅದನ್ನ ಬರೆದಿದ್ದಾರೆ. ಪಾಲಿನ ಒಂಟೇನ ಒಬ್ಬನೇ ಮಾರೋ ಹಾಗಿಲ್ಲ. ಆ ಪುಸ್ತಕ ತರಿಸಿ ಅಂತ ಕೇಳಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಇಪ್ಪತ್ತು ವರ್ಷ ಈ ಕಥೆಗೆ ಆಕಳಿಸಿದವರೆಲ್ಲ ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಒಬ್ಬರನ್ನೊಬ್ಬರು ಬೈದುಕೊಂಡರು. ಹಿರ್ಸಿ ಮಾತ್ರ ಗಡ್ಡ ಸವರುತ್ತಾ ಕೂತಿದ್ದ.

"ಆ ಪುಸ್ತಕ ಓದಿದೋರು ಯಾರು, ದೀರಿಯೆ?"

"ಓದೋದೇನಣ್ಣ? ನನ್ನ ಕಣ್ಣಾರೆ ನೋಡಿದೀನಿ. ಬೆರಳಿಟ್ಟು ಸವರಿದೀನಿ."

"ನೀನು ನೋಡಿದ್ದು ಬರೇನ. ಅದರ ಸುತ್ತ ಇರುವೆ ಸಾಲಿನ ಹಾಗೆ ಏನೋ ಇರುತ್ತಲ್ಲ, ಅದು?"

"ಬರೆ ಸುತ್ತ ಬರೆ ವಿಷಯಾನೇ ಇರುತ್ತೆ. ಇನ್ನೇನು, ಅವನ ಹೆಂಡತಿ ಸುದ್ದಿ ಬರೀತಾನಾ?"

ಎಲ್ಲರೂ ನಕ್ಕರು. ಹಿರ್ಸಿಯೂ ನಕ್ಕ. ನಕ್ಕ ಮೇಲೆ ಬೇಡ ಎನ್ನುವುದು ಕಷ್ಟ.

ಹಿರಿಯರ ನಿಯೋಗ ಲಂಡನ್ನಿಗೆ ಹೋಗುವಾಗ ಈ ಬೇಡಿಕೆಯೂ ಅದರ ಜೊತೆ ಹೋಯಿತು. ಅಲ್ಲಿ ಟೀ ಕೊಟ್ಟರಂತೆ, ಕೈ ಕುಲುಕಿದರಂತೆ, ತುಂಬಾ ವಿಷಾದವಾಗಿದೆ ಎಂದರಂತೆ. ಮಿಕ್ಕ ಯಾವುದಕ್ಕೂ ಉತ್ತರ ಬರಲಿಲ್ಲ. ದೀರಿಯೆಯ ಬೇಡಿಕೆ ಒಂದು ಮಾತ್ರ ಪೂರ್ತಿ ಈಡೇರಿತು. ಮುಂದಿನ ತಿಂಗಳು ಲಂಡನ್ನಿನ ಅಧಿಕಾರಿಯೊಬ್ಬ ಹರ್ಗೇಸಾಕ್ಕೆ ಬಂದ. ಅವನ ಕಂಕುಳಲ್ಲಿ ಚರ್ಮದ ರಟ್ಟಿನ ಪುಸ್ತಕ.

ಕಚೇರಿಯ ಅಂಗಳದಲ್ಲಿ ಜನ ಸೇರಿದರು. ದೀರಿಯೆ ಗಡ್ಡಕ್ಕೆ ಮದರಂಗಿ ಹಚ್ಚಿ, ಒಗೆದ ಬಿಳಿ ಬಟ್ಟೆ ಹೊದ್ದು, ಸಾಕ್ಷಿಗೆಂದು ಬರೆಕಬ್ಬಿಣ ಹಿಡಿದು ಮುಂದಿನ ಸಾಲಿನಲ್ಲಿ ಕೂತ. ಪುಸ್ತಕ ಕಂಡದ್ದೇ ಪಕ್ಕದವನ ಮೊಣಕಾಲು ತಟ್ಟಿ, "ಅದೇ. ರಟ್ಟಿನ ಮೂಲೇಲಿ ಕಲೆ ನೋಡು, ನನ್ನ ಟೀದು" ಎಂದ. ಓದಿ ಹೇಳಲು ನಿಂತವನು ಕಾರ್ಶೆ. ಮೀಸೆ ಮೂಡುತ್ತಿದ್ದ ಹುಡುಗ ಈಗ ಕನ್ನಡಕದ ನರೆಗೂದಲಿನವನಾಗಿದ್ದ.

ಅಧಿಕಾರಿ ಪುಟ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ಅರ್ಧಚಂದ್ರ, ಹೊಟ್ಟೆಗೊಂದು ಗೀಟು. ಅಂಗಳದಲ್ಲಿ ಜನರ ಎದೆ ಉಬ್ಬಿತು. ಕಾರ್ಶೆ ಪುಸ್ತಕ ಇಸಿದುಕೊಂಡು ಮನಸ್ಸಿನಲ್ಲೇ ಓದಿದ. ಓದಿ, ಕನ್ನಡಕ ಒರೆಸಿದ. ಮತ್ತೆ ಓದಿದ.

"ಓದಪ್ಪ" ಎಂದ ದೀರಿಯೆ. "ನಾಚಿಕೆ ಯಾಕೆ?"

"ಚಿಕ್ಕಪ್ಪ, ಇದನ್ನ ಆಮೇಲೆ..."

"ಎಲ್ಲರ ಮುಂದೆ ಓದು. ಇಪ್ಪತ್ತು ವರ್ಷ ನಾನು ಹೇಳಿದ್ದೇ ಇದು."

ಕಾರ್ಶೆ ನೆಲ ನೋಡುತ್ತಾ ಓದಿದ. "ಇಂದು ಏಳನೇ ಕಂಬ ಮುಗಿಯಿತು. ನಮ್ಮ ಹೇರೊಂಟೆಗಳ ದೀರಿಯೆ, ಇಲ್ಲಿನ ಕುಲದವನು, ತನ್ನ ಕುಲದ ಗುರುತನ್ನು ತಾನಾಗಿಯೇ ಕಂಬದ ಮೇಲೆ ಒತ್ತಿದ. ಈ ಗಡಿಯನ್ನು ಇಲ್ಲಿನ ಜನ ಮನಃಪೂರ್ವಕ ಒಪ್ಪಿದ್ದಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಒಳ್ಳೆಯ ಮನುಷ್ಯ. ಟೀ ಚೆನ್ನಾಗಿ ಮಾಡುತ್ತಾನೆ."

ಅಧಿಕಾರಿ ಬಹಳ ಮರ್ಯಾದೆಯಿಂದ ಪುಸ್ತಕ ಮುಚ್ಚಿದ. ಗಡಿಗೆ ನೀವೇ ಒಪ್ಪಿ ಗುರುತು ಹಾಕಿದ್ದೀರಿ, ನೀವೇ ಕೇಳಿ ತರಿಸಿದ ದಾಖಲೆ, ಮೇಯಿಸುವ ಹಕ್ಕು ಒಪ್ಪಂದದಲ್ಲಿದೆ, ಗಾಬರಿ ಬೇಡ ಎಂದ. ಕಾರ್ಶೆ ಅಷ್ಟನ್ನೂ ದಾಟಿಸಿದ.

"ನಾನು ಹೇಳಿದ್ದನ್ನ ನೀನು ಹೇಳಲಿಲ್ವೇನೋ ಅವತ್ತು?" ದೀರಿಯೆ ಕೇಳಿದ. ದನಿ ಏರಿಸಲಿಲ್ಲ. "ಪಾಲಿನ ನೆಲ ಅಂತ?"

"ಹೇಳಿದೀನಿ ಚಿಕ್ಕಪ್ಪ. ಕುರಾನ್ ಮುಟ್ಟಿ ಹೇಳ್ತೀನಿ, ಅಷ್ಟೂ ಹೇಳಿದೀನಿ. ಬಾಯಿಂದ ಬಾಯಿಗೆ ದಾಟಿಸೋದಷ್ಟೇ ನನ್ನ ಕೆಲಸ. ಬರೆದ ಕೈ ಅವನದು."

"ಟೀ ವಿಷಯ ಮಾತ್ರ ನಿಜ ಬರೆದಿದ್ದಾನೆ" ಎಂದ ದೀರಿಯೆ. "ಎಲ್ಲಿದ್ದಾನಂತೆ ಅವನೀಗ?"

ಕಾರ್ಶೆ ಕೇಳಿದ. "ನಿವೃತ್ತಿ ಆಗಿ ಅವರ ಹಳ್ಳೀಲಿದ್ದಾರಂತೆ. ತೋಟ ಮಾಡ್ಕೊಂಡು."

"ತೋಟಕ್ಕೆ ಬೇಲಿ ಇದೆಯಾ ಕೇಳು."

ಕಾರ್ಶೆ ಕೇಳಿದ. ಅಧಿಕಾರಿಗೆ ಪ್ರಶ್ನೆ ಅರ್ಥವಾಗಲಿಲ್ಲವಾದರೂ ಸೌಜನ್ಯಕ್ಕೆ ಉತ್ತರ ಕೊಟ್ಟ. "ಇರಬಹುದು ಅಂತಾರೆ" ಎಂದ ಕಾರ್ಶೆ.

"ಯಾರಾದ್ರೂ ಹೋಗಿ ಅದಕ್ಕೆ ನಮ್ಮ ಬರೆ ಒತ್ತಿ ಬನ್ನಿ" ಎಂದು ದೀರಿಯೆ ಎದ್ದ.

ವಾಪಸು ಬರುವ ದಾರಿಯಲ್ಲಿ ಹಿರ್ಸಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ದೀರಿಯೆಗೆ ಉಣ್ಣಲು ಏನಾದರೂ ಸಿಕ್ಕಂತಾಗುತ್ತಿತ್ತು. ಕುಲದ ಯಾರೂ ಬೈಯಲಿಲ್ಲ. ಅವನು ಬಂದರೆ ಎದ್ದು ಜಾಗ ಕೊಟ್ಟರು, ಹಾಲು ಕೊಟ್ಟರು. ಆದರೆ ಒಂಟೆ ಜಗಳಕ್ಕೆ ಕರೆ ಬರುವುದು ನಿಂತಿತು. ಒಂದೇ ಬರೆಯನ್ನು ಅವನೊಂದು ಓದಿ ಸರ್ಕಾರ ಇನ್ನೊಂದು ಓದಿದ ಮೇಲೆ, ಅವನ ಬೆರಳನ್ನು ನಂಬುವುದು ಹೇಗೆ?

ಮಳೆ ಬಿತ್ತು. ಹಿಂಡುಗಳು ಹಾವ್ದಿಗೆ ಹೊರಟವು. ಏಳನೇ ಕಂಬದ ಪಕ್ಕ ತಗಡಿನ ಒಂದು ಮನೆ, ಅದರ ಪಕ್ಕ ಇನ್ನೊಂದು, ಮೇಲೆ ಬಾವುಟ, ಕೆಳಗೆ ಬಂದೂಕು ಹಿಡಿದ ಇಥಿಯೋಪಿಯದ ಕಾವಲಿನವರು. ಅಂಬರೋ ಹೇರೊಂಟೆಯ ಹಗ್ಗ ಹಿಡಿದು ನಿಂತು ನೋಡಿದಳು.

"ನಾನು ಅವತ್ತೇ ಕೇಳಿದ್ದೆ" ಎಂದಳು. "ಹಾಕ್ತು ನೋಡು ಮರಿ. ಅವಳಿ."

ಕಾವಲಿನವನು ಒಂದೊಂದೇ ಒಂಟೆಯ ಕತ್ತು ತಿರುಗಿಸಿ ಬರೆ ನೋಡಿದ, ಕಂಬದ ಮೇಲಿನ ಬರೆ ನೋಡಿದ, ದಪ್ಪ ಪುಸ್ತಕದಲ್ಲಿ ಬರೆದುಕೊಂಡ. ಈ ಬರೆಯವರೆಲ್ಲ ಇನ್ನು ಮುಂದೆ ಇಥಿಯೋಪಿಯದ ಪ್ರಜೆಗಳಂತೆ; ನಿಮ್ಮ ಮುಖಂಡ ಬಂದು ಹೆಬ್ಬೆಟ್ಟು ಒತ್ತಬೇಕಂತೆ. ಮತ್ತೊಂದು ಪುಸ್ತಕ. ದೀರಿಯೆ ಅದರೊಳಗೆ ಇಣುಕಲಿಲ್ಲ.

ಮಾರನೇ ದಿನ ಕಾವಲಿಲ್ಲದ ಎಂಟನೇ ಕಂಬಕ್ಕೆ ಸುತ್ತಿಗೆ ತೆಗೆದುಕೊಂಡು ಹೋದ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಡಿದ. ಸರ್ಕಾರದ ಅಂಕಿ ಆಗಲೇ ಅರ್ಧ ಉದುರಿಹೋಗಿತ್ತು, ಅವನ ಬರೆ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಎರಡು ದಿನದ ದಾರಿಯಿಂದ ಸಿಹಿನೀರು ತಂದು ಕಲಸಿದ ಸಿಮೆಂಟು. ಆ ನೀರು ಬಂದದ್ದೂ ಅವನದೇ ಹೇರಿನಲ್ಲಿ. ಕೊನೆಗೆ ಸುತ್ತಿಗೆಯ ಹಿಡಿ ಮುರಿಯಿತು.

ಹಿಡಿ ಮುರಿದದ್ದನ್ನೇ ಕೈಯಲ್ಲಿ ಹಿಡಿದು ಬಂದವನು ಬರೆಕಬ್ಬಿಣವನ್ನು ಅಂಬರೋ ಮುಂದೆ ಇಟ್ಟ. "ಬೂದಿ ತೆಗೆಯೋಕೆ ಇದೂ ಇರ್ಲಿ."

"ಈ ವರ್ಷದ ಮರಿಗಳಿಗೆ ಬರೆ ಹಾಕ್ಬೇಕಲ್ಲ."

"ಹಾಕಲ್ಲ."

"ತಲೆ ಕೆಟ್ಟಿದೆಯಾ ನಿನಗೆ? ಬರೆ ಇಲ್ಲದ ಮರಿ ಸಿಕ್ಕಿದೋರ ಪಾಲು."

"ಬರೆ ಇದ್ದಿದ್ದು ಯಾರ ಪಾಲಾಯ್ತು?"

ಅಂಬರೋ ವಾದ ಬಿಟ್ಟು ಬರೆಕಬ್ಬಿಣವನ್ನು ಒಲೆಯ ಪಕ್ಕಕ್ಕಿಟ್ಟಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಇದು ಮೊದಲನೇ ಸಲವೆಂದು ಇಡೀ ಬಯಲು ಇವತ್ತಿಗೂ ಹೇಳುತ್ತದೆ.

ಹೀಗೆ ಆ ವರ್ಷ ದೀರಿಯೆಯ ಹದಿಮೂರು ಮರಿಗಳು ಖಾಲಿ ಕತ್ತಿನಲ್ಲಿ ಓಡಾಡಿದವು. ಸಾವಿರಾರು ಬರೆಗಳ ಆ ನಾಡಿನಲ್ಲಿ ಅವು ಬಟ್ಟೆಯಿಲ್ಲದೆ ಮದುವೆಮನೆಗೆ ಬಂದವರ ಹಾಗೆ ಕಾಣುತ್ತಿದ್ದವು. ಮಳೆ ಮುಗಿಯುವ ಹೊತ್ತಿಗೆ ಅದರಲ್ಲೊಂದು ತಪ್ಪಿಸಿಕೊಂಡಿತು. ದೀರಿಯೆ ಹುಡುಕಲೂ ಹೋಗಲಿಲ್ಲ. ಯಾರ ಹತ್ತಿರ ಏನೆಂದು ಕೇಳುವುದು?

ಹನ್ನೆರಡು ದಿನ ಬಿಟ್ಟು, ಗುಡಿಸಲಿನ ಮುಂದೆ ಅವನು ಹಗ್ಗ ಹೊಸೆಯುತ್ತಿದ್ದಾಗ, ಕಾಲೆಲ್ಲ ಧೂಳಾದ ಒಬ್ಬ ಅಪರಿಚಿತ ಆ ಮರಿಯನ್ನು ಹೊಡೆದುಕೊಂಡು ಬಂದ. ಕೋಲಿನ ಕೆತ್ತನೆ ನೋಡಿದರೆ ಆಗದ ಕುಲದವನು.

"ಸಿಮೆಂಟು ದೀರಿಯೆ ಅಂದ್ರೆ ನೀವೇನಾ? ನಿಮ್ಮ ಮರಿ ನಮ್ಮ ಹಿಂಡಲ್ಲಿ ಸೇರ್ಕೊಂಡಿತ್ತು. ನಾಲ್ಕು ದಿನದ ದಾರಿ ನಡೆಸಿದೆ ನನ್ನನ್ನ, ಮೊಂಡು ಪ್ರಾಣಿ."

"ನಂದು ಅಂತ ಹೇಗೆ ಗೊತ್ತಾಯ್ತು? ಇದಕ್ಕೆ ಬರೆ ಇಲ್ಲ."

"ಅದಕ್ಕೇ ಗೊತ್ತಾಯ್ತು" ಎಂದ ಬಂದವನು. "ಇಡೀ ಹಾವ್ದಿನಲ್ಲಿ ಬರೆ ಹಾಕದೋರು ನೀವೊಬ್ಬರೇ ಅಂತೆ. ಯಾವ ಬಾವೀಲಿ ಕೇಳಿದ್ರೂ ನಿಮ್ಮನೇ ಕಡೆ ಕೈ ತೋರಿಸ್ತಾರೆ."

ದೀರಿಯೆ ಹಗ್ಗ ಕೆಳಗಿಟ್ಟ. ಮರಿಯ ಹತ್ತಿರ ಹೋಗಿ ಖಾಲಿ ಕತ್ತನ್ನು ಎರಡು ಬೆರಳಲ್ಲಿ, ಹಳೆಯ ಅಭ್ಯಾಸದ ಹಾಗೆ, ಉದ್ದಕ್ಕೂ ಸವರಿದ. ಆಮೇಲೆ ಬಂದವನ ಕಡೆ ತಿರುಗಿದ.

"ಈ ವಿಷಯ ಎಲ್ಲಾದ್ರೂ ಬರೆದಿಟ್ಟಿದ್ದೀಯಾ?"

"ನನಗೆ ಬರೆಯೋಕೆ ಬರಲ್ಲ ಅಜ್ಜ."

"ಹಾಗಾದ್ರೆ ಒಳಗೆ ಬಾ" ಎಂದ ದೀರಿಯೆ. "ಟೀ ಇಲ್ಲ. ಅದನ್ನ ಬಿಟ್ಟಿದೀನಿ. ಹಾಲು ಕುಡಿ."